ನಮ್ಮತ್ತೆಯ ಕಾಯಿಲೆ

ಕ್ಯಾಷ್ ಕೌಂಟರಿನಲ್ಲಿ ಕೂತು ಸೀನುವುದಕ್ಕೆ ಒಂದು ಕ್ರಮವಿದೆ. ಮೂಗಿನ ತುದಿಯಲ್ಲಿ ತುರಿಕೆ ಶುರುವಾದ ಕೂಡಲೇ ಕೈಲಿರುವ ನೋಟಿನ ಕಟ್ಟನ್ನು ಕೆಳಗಿಡಬೇಕು. ಬಲಗಾಲನ್ನು ಎಡಗಾಲಿನ ಮೇಲೆ ಹಾಕಿ ಬಿಗಿಯಾಗಿ ಹೆಣೆದುಕೊಳ್ಳಬೇಕು. ಕಣ್ಣು ಮುಚ್ಚಿ, ಒಳಗಿರುವುದನ್ನೆಲ್ಲ ಮೇಲಕ್ಕೆಳೆದು ಹಿಡಿದು, ಆಮೇಲೆ 'ಅಕ್ಷೀ' ಅನ್ನಬೇಕು. ಗಾಜಿನ ಆಚೆ ಪಾಸ್‌ಬುಕ್ ಹಿಡಿದು ನಿಂತ ಸಾತನೂರಿನ ಜನ, ಮೇಡಮ್ಮೋರು ಸೀನುವ ಮುಂಚೆ ದೇವರನ್ನು ನೆನೀತಾರೆ ಅಂದುಕೊಂಡಿದ್ದಾರೆ. ನೆನೆಯುವುದು ನಿಜ. ದೇವರನ್ನಲ್ಲ.

ನನಗೀಗ ಐವತ್ತೆರಡು. ಕೆಮ್ಮು, ಸೀನು, ನಗು, ಈ ಮೂರರಲ್ಲಿ ಯಾವುದು ಬಂದರೂ ನನಗೆ ನಾಲ್ಕನೆಯದೂ ಜೊತೆಗೇ ಬರುತ್ತದೆ. ಹಳೇ ನೋಟಿನ ಧೂಳಿನಲ್ಲಿ ದಿನವಿಡೀ ಕೂರುವವಳಿಗೆ ಇಂಥ ವರ ಯಾಕೆ ಕೊಟ್ಟನೋ ಗೊತ್ತಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ಸಾತನೂರು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿತ್ತು. 2007ರಲ್ಲಿ ರಾಮನಗರ ಜಿಲ್ಲೆಗೆ ಬಂತು. 2025ರಲ್ಲಿ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಕೂತ ಜಾಗದಿಂದ ಅಲ್ಲಾಡದೆ ಮೂರು ಜಿಲ್ಲೆ ಕಂಡ ಊರಿದು. ನನ್ನ ಬಾಧೆಯೂ ಹಾಗೆಯೇ, ಇದ್ದಲ್ಲೇ ಇದ್ದು ಮೂರು ಹೆಸರು ಪಡೆಯಿತು. ಮೊದಲನೆಯದು ಉಷ್ಣ. ಅದಕ್ಕೆ ಅಕ್ಕಪಕ್ಕದವರು ಹೇಳಿದ ಮದ್ದು ಎಳನೀರು, ಬಾರ್ಲಿ ನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜದ ಪಾನಕ. ಸೋರುವ ಬಿಂದಿಗೆಗೆ ಇನ್ನಷ್ಟು ನೀರು ಹೊಯ್ಯುವ ಚಿಕಿತ್ಸೆ ಅದು. ಎರಡನೆಯದು ವಯಸ್ಸು. ಐವತ್ತಾದ ಮೇಲೆ ಇದೆಲ್ಲ ಇದ್ದದ್ದೇ ಅಂದಳು ಅಕ್ಕ, ತಾನು ಐವತ್ತಾರಾದರೂ ಕಟ್ಟೆಯಿಂದ ಕಟ್ಟೆಗೆ ನೆಗೆಯುತ್ತಾ.

ಮೂರನೆಯ ಹೆಸರು ಕನಕಪುರದ ಹೆಂಗಸರ ಡಾಕ್ಟರು ಕೊಟ್ಟದ್ದು. "ಸ್ಟ್ರೆಸ್ ಇನ್‌ಕಾಂಟಿನೆನ್ಸ್" ಅಂದರು. ಅಬ್ಬ, ಅರ್ಥ ಮಾಡಿಕೊಳ್ಳುವ ಒಬ್ಬರು ಸಿಕ್ಕರಲ್ಲ ಅಂತ ನಾನು ಶುರು ಹಚ್ಚಿಕೊಂಡೆ. "ಹೌದು ಡಾಕ್ಟ್ರೇ, ವಿಪರೀತ ಸ್ಟ್ರೆಸ್ಸು. ಮಾರ್ಚ್ ಬಂತು ಅಂದ್ರೆ ಆಡಿಟ್ಟು, ಮೇಲಿಂದ ಸಾಲ ವಸೂಲಿ..."

"ಆ ಸ್ಟ್ರೆಸ್ ಅಲ್ಲ ಕಣ್ರೀ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಮೂತ್ರಕೋಶವನ್ನು ಅಮುಕುತ್ತೆ. ಕೆಳಗೆ ಹಿಡಿದುಕೊಳ್ಳಬೇಕಾದ ಸ್ನಾಯುಗಳು ಸಡಿಲ ಆಗಿವೆ. ಹೆರಿಗೆ ಹೇಗಾಗಿತ್ತು?"

ನನ್ನ ಮಗ ಹುಟ್ಟಿದಾಗ ಮೂರು ಕೆಜಿ ಒಂಬೈನೂರು ಗ್ರಾಂ ಇದ್ದ. ಆಗ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೆ. ಅದರ ಬಡ್ಡಿಯನ್ನು ಈಗ ಕಟ್ಟುತ್ತಿದ್ದೇನೆ.

ಡಾಕ್ಟರು ಮೂರು ವಿಷಯ ಹೇಳಿದರು. ನೀರು ಕುಡಿಯುವುದನ್ನು ಬಿಡಬಾರದು. ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನೇ ಕೆಣಕುತ್ತದೆ, ಸೋಂಕಿಗೂ ದಾರಿ. ಬೆಳಗ್ಗೆಯಿಂದ ಸಂಜೆವರೆಗೆ ಅರ್ಧ ಲೋಟ ನೀರಿನಲ್ಲಿ ದಿನ ದೂಡುತ್ತಿದ್ದ ನನಗೆ ಇದು ಹೊಸ ಸುದ್ದಿ. ಎರಡನೆಯದಾಗಿ, ಬರಲಿ ಅಂತ ಕಾಯದೆ ಎರಡು ಗಂಟೆಗೊಮ್ಮೆ ಹೋಗಿ ಬರಬೇಕು. ಮೂರನೆಯದು ಕೀಗಲ್ ವ್ಯಾಯಾಮ. ಅರ್ನಾಲ್ಡ್ ಕೀಗಲ್ ಅನ್ನುವ ಅಮೆರಿಕದ ಡಾಕ್ಟರು 1948ರಲ್ಲಿ ಪ್ರಕಟಿಸಿದ ವಿದ್ಯೆ. ಮೂತ್ರವನ್ನು ಅರ್ಧಕ್ಕೆ ತಡೆಯುವಾಗ ಯಾವ ಸ್ನಾಯು ಬಿಗಿಯಾಗುತ್ತದೋ ಅದನ್ನೇ ಬಿಗಿ ಮಾಡಿ, ಎಣಿಸಿ, ಬಿಡುವುದು. ದಿನಕ್ಕೆ ಮೂರು ಹೊತ್ತು, ಹತ್ತು ಹತ್ತು ಸಲ, ಕಡಿಮೆ ಅಂದರೆ ಮೂರು ತಿಂಗಳು. ಹೊರಗಿನವರಿಗೆ ಏನೂ ಕಾಣುವುದಿಲ್ಲವಾದ್ದರಿಂದ ಎಲ್ಲಿ ಬೇಕಾದರೂ ಮಾಡಬಹುದು ಅಂದರು. ನಾನು ಕೌಂಟರಿನಲ್ಲೇ ಮಾಡಿದೆ. ಕೈಲಿ ನೋಟು ಎಣಿಕೆ, ಕೆಳಗೆ ಇನ್ನೊಂದು ಎಣಿಕೆ. ಆ ದಿನ ಸಂಜೆ ಐನೂರು ರೂಪಾಯಿ ಕಡಿಮೆ ಬಂತು. ಅವತ್ತಿಂದ ವ್ಯಾಯಾಮಕ್ಕೆ ಊಟದ ವಿರಾಮ.

ಎರಡು ಗಂಟೆಗೊಮ್ಮೆ ಎದ್ದು ಹೋಗುವ ಕತೆ ಬೇರೆಯೇ. ಮೇಷ್ಟ್ರು ಪಾಠ ನಿಲ್ಲಿಸಿ ಹೊರಗೆ ಬರಬಹುದು, ಕ್ಯಾಷಿಯರ್ ಹಾಗಲ್ಲ. ದುಡ್ಡನ್ನು ಪೆಟ್ಟಿಗೆಗೆ ತುಂಬಿ ಬೀಗ ಹಾಕಬೇಕು, ಕ್ಯಾಬಿನ್ನಿಗೆ ಬೀಗ ಹಾಕಬೇಕು. ಹಾಗೆ ನಾನು ಎದ್ದ ತಕ್ಷಣ ಸಾಲಿನಲ್ಲಿ ಗುಜುಗುಜು. ನಮ್ಮ ಅಟೆಂಡರ್ ಒಳ್ಳೆಯವನು, ದನಿ ಮಾತ್ರ ದೊಡ್ಡದು. "ಮೇಡಮ್ಮೋರು ಒಳಕ್ಕೋಗವ್ರೆ, ಬತ್ತಾರೆ, ಗಲಾಟೆ ಮಾಡ್ಬ್ಯಾಡಿ!" ಅಂತ ಹಾಲ್‌ಗೆಲ್ಲ ಕೇಳುವಂತೆ ಕೂಗುತ್ತಾನೆ. ನಾನು ವಾಪಸು ಬರುವ ಹೊತ್ತಿಗೆ ಇಪ್ಪತ್ತು ಜೊತೆ ಕಣ್ಣು ಗಡಿಯಾರ ನೋಡಿ ಆಮೇಲೆ ನನ್ನನ್ನು ನೋಡುತ್ತವೆ.

ಸೀರೆ ಕಡು ನೀಲಿ ಇಲ್ಲವೇ ಕಂದು. ಊಟದ ಬುತ್ತಿಯ ಅಡಿಯಲ್ಲಿ ಮಡಿಸಿಟ್ಟ ಇನ್ನೊಂದು ಲಂಗ. ಇವೆಲ್ಲಕ್ಕಿಂತ ನನ್ನ ಬುದ್ಧಿವಂತಿಕೆಯ ಶಿಖರ ಅಂದರೆ ನೀರಿನ ಬಾಟಲಿ. ಕೈತಪ್ಪಿತು ಅನ್ನಿಸಿದಾಗ ಮೊಣಕೈಯಿಂದ ಬಾಟಲಿಯನ್ನು ಮಡಿಲಿಗೆ ಬೀಳಿಸಿ "ಅಯ್ಯೋ" ಅನ್ನುವುದು. ಒದ್ದೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಮೂರನೇ ಸಲ ಬೀಳಿಸಿದ ಮಾರನೇ ದಿನ ನಮ್ಮ ಮ್ಯಾನೇಜರು ಪ್ರೀತಿಯಿಂದ ಒಂದು ಹೊಸ ಬಾಟಲಿ ತಂದುಕೊಟ್ಟರು. ತಲೆಕೆಳಗೆ ಹಿಡಿದರೂ ಒಂದು ತೊಟ್ಟು ಸೋರುವುದಿಲ್ಲ ಮೇಡಂ, ಅಂದರು. ಬಾಟಲಿಗೆ ಅಂಥ ಮುಚ್ಚಳ ಸಿಗುತ್ತದೆ.

ಮನೆಯಿರುವ ಕನಕಪುರದಿಂದ ಸಾತನೂರಿಗೆ ಬಸ್ಸು. 2023ರ ಜೂನ್ 11ರಿಂದ ನಮ್ಮಂಥ ಹೆಂಗಸರಿಗೆ ಟಿಕೆಟ್ ದುಡ್ಡು ಸೊನ್ನೆ. ರಸ್ತೆಯ ಉಬ್ಬುಗಳಿಗೆ ಮಾತ್ರ ನಾನು ಬೇರೆ ಸುಂಕ ಕಟ್ಟುತ್ತೇನೆ.

ಎಲ್ಲಕ್ಕಿಂತ ಕಷ್ಟ ನಗು. ನಮ್ಮಪ್ಪ 'ಕೊರವಂಜಿ' ಹಾಸ್ಯ ಪತ್ರಿಕೆಯ ಹಳೇ ಸಂಚಿಕೆಗಳನ್ನು ಬೈಂಡ್ ಮಾಡಿಸಿ ಇಟ್ಟಿದ್ದರು. 1942ರಲ್ಲಿ ಅದನ್ನು ಶುರುಮಾಡಿದ ರಾಶಿ ಸ್ವತಃ ಡಾಕ್ಟರು. ಡಾಕ್ಟರೇ ನಗಿಸುತ್ತಾರೆ ಅಂದಮೇಲೆ ನಗು ಆರೋಗ್ಯಕ್ಕೆ ಒಳ್ಳೆಯದೇ ಅಂತ ಅಪ್ಪನ ವಾದ. ಯಾವ ಅಂಗದ ಆರೋಗ್ಯಕ್ಕೆ ಅಂತ ಅಪ್ಪ ಹೇಳಲಿಲ್ಲ. ಸಾತನೂರೋ, ನಗದೆ ಬದುಕಲು ಆಗದ ಊರು. ಒಬ್ಬಾತ ಗಾಜಿಗೆ ಬಾಯಿಟ್ಟು ಗುಟ್ಟಾಗಿ ಕೇಳಿದ, "ಮೇಡಮ್ಮೋರೆ, ನಮ್ ಹೆಂಡ್ರಿಗೆ ಗೃಹಲಕ್ಷ್ಮಿ ದುಡ್ಡು ಬಂದದಾ? ಅವಳಿಗೆ ಹೇಳ್ಬ್ಯಾಡಿ." ಅವನ ಬೆನ್ನ ಹಿಂದೆಯೇ ನಿಂತಿದ್ದ ಹೆಂಡತಿ, "ಬಂತು, ತಕ್ಕಂಡೂ ಆಯ್ತು. ಭಾನ್ವಾರ ಕೋಳಿ ತಿಂದ್ಯಲ್ಲ, ಇನ್ಯಾವ ದುಡ್ಡಾಗೆ ಅಂದ್ಕಂಡಿದ್ದೆ?" ಅಂದಳು. ಇಡೀ ಬ್ಯಾಂಕು ನಕ್ಕಿತು. ನಾನು ಕಾಲು ಹೆಣೆದುಕೊಂಡು ಕಲ್ಲಾಗಿ ಕೂತೆ. ಸಿಡುಕು ಮೇಡಂ ಅನ್ನುವ ನನ್ನ ಹೆಸರು ಹೀಗೆ ಸಂಪಾದನೆಯಾದದ್ದು.

ಹೊಟ್ಟೆಕಿಚ್ಚು ಬಂದದ್ದು ರೇಷ್ಮೆಹುಳದ ಮೇಲೆ. ಗೂಡು ಮಾರಿದ ದುಡ್ಡು ತೆಗೆಯಲು ಬಂದ ರೈತರೊಬ್ಬರು ಮಾತಿಗೆ ಮಾತು ಬಂದು ಹೇಳಿದರು: ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಸರದಿ, ಕಳೆದು ಹುಳ ಹಣ್ಣಾದ ಮೇಲೆ, ಗೂಡು ಕಟ್ಟುವ ಮುಂಚೆ ಉಚ್ಚೆ ಹೊಯ್ಯುತ್ತದಂತೆ. ಆ ತೇವ ತಾಗಿದರೆ ಗೂಡಿಗೆ ಕಲೆ, ಕಲೆಗೂಡಿಗೆ ಮಾರುಕಟ್ಟೆಯಲ್ಲಿ ರೇಟಿಲ್ಲ. ಅದಕ್ಕೇ ಗೂಡು ಕಟ್ಟಲು ಹುಳ ಬಿಡುವ ಚಂದ್ರಿಕೆಯ ಕೆಳಗೆ ಪೇಪರ್ ಹಾಸಿ, ಗಾಳಿ ಆಡುವಂತೆ ಇಡುತ್ತಾರೆ. ನೋಡಿ, ಹುಳಕ್ಕೆ ಎಂಥ ಏರ್ಪಾಡು! ಒಬ್ಬರಾದರೂ ಅದನ್ನು ನೋಡಿ ಗಡಿಯಾರ ನೋಡುವುದಿಲ್ಲ.

ನನ್ನ ಏರ್ಪಾಡಿಗೆ ನಾನೇ ಮೆಡಿಕಲ್ ಶಾಪಿಗೆ ಹೋದೆ. ದೊಡ್ಡವರ ಪ್ಯಾಡು ಕೇಳಿದೆ. ಅಂಗಡಿಯಾತ ಪೇಪರಿನಲ್ಲಿ ಸುತ್ತುತ್ತಾ, "ಯಾರ್ಗೆ ಮೇಡಂ?" ಅಂದ. ಪಕ್ಕದಲ್ಲಿ ಇಬ್ಬರು ನಿಂತಿದ್ದರು. ಬಾಯಿಂದ ತಾನಾಗಿ ಬಂತು: "ನಮ್ಮತ್ತೆಗೆ."

"ಹಾಸಿಗೆ ಹಿಡಿದವ್ರಾ?"

ತಲೆ ಅಲ್ಲಾಡಿಸಿದೆ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಸಾತನೂರಿಗೆ ಅಷ್ಟು ಸಾಕಾಯಿತು. ವಾರದೊಳಗೆ ಕೌಂಟರಿಗೆ ಬಂದವರೆಲ್ಲ ದುಡ್ಡಿಗೆ ಮುಂಚೆ ಅತ್ತೆಯನ್ನು ವಿಚಾರಿಸತೊಡಗಿದರು. ಒಬ್ಬಾಕೆ ನಾಟಿಕೋಳಿ ಮೊಟ್ಟೆ ತಂದರು. ಅಟೆಂಡರ್ ಕಬ್ಬಾಳಮ್ಮನಿಗೆ ಹರಕೆ ಹೊತ್ತು ಕುಂಕುಮ ತಂದುಕೊಟ್ಟ. ಮಾಗಡಿ ಕಡೆಯ ಹಳ್ಳಿಯಲ್ಲಿ, ಎಪ್ಪತ್ತೆಂಟರಲ್ಲೂ ಎರಡು ಹಸು ಕಟ್ಟಿಕೊಂಡು ಓಡಾಡುತ್ತಿದ್ದ ನಮ್ಮತ್ತೆಗೆ ಇದೊಂದೂ ಗೊತ್ತಿರಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ, ಸೊಗಡವರೆಯ ಚೀಲವನ್ನು ಸೊಂಟಕ್ಕೆ ಆನಿಸಿಕೊಂಡು ಅವರು ಬ್ಯಾಂಕಿನೊಳಗೆ ಬಂದರು. ಕನಕಪುರದ ಮನೆಗೆ ಬೀಗ ಕಂಡು, ಫೋನು ಗೀನು ಮಾಡದೆ ನೇರವಾಗಿ ಮುಂದಿನ ಬಸ್ಸು ಹತ್ತಿದ್ದರು. ಅಟೆಂಡರ್ ಯಾರು ಬೇಕಿತ್ತು ಅಂದ. "ಕ್ಯಾಷ್ ಮೇಡಂ ಅತ್ತೆ ಕಣಪ್ಪ ನಾನು."

ಹಾಲ್ ಸ್ತಬ್ಧವಾಯಿತು. ಅಟೆಂಡರ್ ಎರಡೂ ಕೈ ಮೇಲೆತ್ತಿ, "ತಾಯಿ ಕಬ್ಬಾಳಮ್ಮ, ಕಣ್ ಬಿಟ್ಯಲ್ಲವ್ವ!" ಅಂದ. ಮೊಟ್ಟೆ ಕೊಟ್ಟಾಕೆ ಅತ್ತೆಯ ತೋಳು ಮುಟ್ಟಿ ನೋಡಿ, "ಎದ್ದು ಓಡಾಡಂಗಾದ್ರಾ ಅವ್ವ?" ಅಂದರು.

"ನಾನ್ಯಾವಾಗ ಮಲಗಿದ್ದೆ?" ಅಂದರು ಅತ್ತೆ.

ನಾನು ನಕ್ಕೆ. ಕಾಲು ಹೆಣೆಯಲಿಲ್ಲ, ಕಣ್ಣು ಮುಚ್ಚಲಿಲ್ಲ, ವರ್ಷಗಟ್ಟಲೆ ತಡೆದದ್ದೆಲ್ಲ ಒಟ್ಟಿಗೆ ಬಂತು. ಮೊಣಕೈಯಿಂದ ಬಾಟಲಿಯನ್ನೂ ಬೀಳಿಸಿದೆ. ಒಂದು ತೊಟ್ಟು ಸೋರಲಿಲ್ಲ.

ಸಂಜೆ ಬಸ್ಸಿನಲ್ಲಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕಿಟಕಿಯಾಚೆ ನೋಡುತ್ತಾ, "ನಿನ್ ಗಂಡನ್ನ ಹೆತ್ತಾಗಿಂದ ನಂಗೂ ಅದೇ ಕಣಮ್ಮಿ. ರಾಗಿ ಹೊರೆ ತಲೆಗೆತ್ತುವಾಗೆಲ್ಲ" ಅಂದರು.

"ನಿಮಗೆ ಬಯಲಾದರೂ ಇತ್ತಲ್ಲ ಅತ್ತೆ."

"ಬಯಲಿಗೂ ಕಣ್ಣಿರ್ತಿದ್ವು. ಕತ್ಲಾಗಗಂಟ ತಡ್ಕಬೇಕಿತ್ತು."

ಐವತ್ತು ವರ್ಷದಲ್ಲಿ ಈ ಮಾತನ್ನು ಅವರು ಆಡಿದ್ದು ಅದೇ ಮೊದಲಂತೆ. ಅವರ ಮಗನಿಗೂ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾದೀತು. ಆ ರಾತ್ರಿ ಅವರೆಕಾಳು ಹಿಚುಕುತ್ತಾ ಇಬ್ಬರೂ ಕೀಗಲ್ ಮಾಡಿದೆವು. ಹತ್ತರವರೆಗೆ ಎಣಿಸಿದವರು ಅತ್ತೆ.

ಈಚೆಗೆ ಮೆಡಿಕಲ್ ಶಾಪಿಗೆ ಹೋಗಿ ಎರಡು ಪ್ಯಾಕೆಟ್ ಕೇಳಿದೆ. ಅಂಗಡಿಯಾತ ತಲೆಯೆತ್ತಿ ನೋಡಿದ. "ಒಂದು ನನಗೆ, ಒಂದು ನಮ್ಮತ್ತೆಗೆ" ಅಂದೆ, ಪಕ್ಕದಲ್ಲಿ ನಿಂತಿದ್ದವರಿಗೂ ಕೇಳುವಂತೆ. ಅವನು ಏನೂ ಹೇಳಲಿಲ್ಲ. ಯಾವಾಗಿನಂತೆ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ ಕೊಟ್ಟ. ಬಿಲ್ಲಿನಲ್ಲಿ ಮಾತ್ರ ಎರಡನ್ನೂ ಅತ್ತೆಯ ಲೆಕ್ಕಕ್ಕೇ ಬರೆದಿದ್ದ.