ರಾತ್ರಿ ಹತ್ತಕ್ಕೆ ಹುಟ್ಟುವ ಫೈಲು

ಯೂನಿಕ್ಸ್ ಕುಲದ ಕಂಪ್ಯೂಟರುಗಳಿಗೆ ಕಾಲ ಶುರುವಾದದ್ದು 1970ರ ಜನವರಿ 1ರಂದು, ಗ್ರೀನಿಚ್ ಲೆಕ್ಕದ ನಡುರಾತ್ರಿಗೆ. ನಮ್ಮಲ್ಲಿ ಆಗ ಬೆಳಗಿನ ಐದೂವರೆ, ಹಾಲಿನವರು ಬರುವ ಹೊತ್ತು. ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಬಳುವಳಿಯಾದ ಈ ಐದೂವರೆ ಗಂಟೆಯಷ್ಟು ನನ್ನ ಊಟ ಆರಿಸಿದ್ದು ಇನ್ನೊಂದಿಲ್ಲ.

ಮೊನ್ನೆ ಸಹೋದ್ಯೋಗಿಯೊಬ್ಬ ವಿಂಡೋಸ್ ಲ್ಯಾಪ್‌ಟಾಪಿನಿಂದ ಪ್ರೋಗ್ರಾಮು ಜಿಪ್ ಮಾಡಿ ಕಳಿಸಿದ. ಈ ಜಿಪ್ ಡಾಸ್ ಕಾಲದ ಪ್ರಾಣಿ. ಗಡಿಯಾರದಲ್ಲಿ ಕಂಡದ್ದನ್ನು, ಅದೂ ಎರಡೆರಡು ಸೆಕೆಂಡಿನ ಅಂದಾಜಿನಲ್ಲಿ, ಗೀಚಿಕೊಳ್ಳುತ್ತದೆ. ಯಾವ ಊರಿನ ಗಡಿಯಾರ ಅಂತ ಬರೆಯುವುದಿಲ್ಲ. ಅವನು ಸೇವ್ ಮಾಡಿದ್ದು ಸಂಜೆ ನಾಲ್ಕೂವರೆಗೆ. ಗ್ರೀನಿಚ್ ಗಂಟೆಯಲ್ಲಿ ಬದುಕುವ ನಮ್ಮ ಸರ್ವರಿಗೆ ಆಗಿನ್ನೂ ಬೆಳಗಿನ ಹನ್ನೊಂದು. ಬಿಚ್ಚಿದ ಕೂಡಲೇ ಕಂಪೈಲ್ ಮಾಡಿಸುವ ಮೇಕ್ ಎಂಬ ಕಮಾಂಡ್ ಬೆಚ್ಚಿತು: ಈ ಫೈಲು 19560 ಸೆಕೆಂಡು ಭವಿಷ್ಯದಲ್ಲಿದೆ!

ಮೂಲ ಫೈಲು ಹೊಸದಾಗಿದ್ದರೆ ಮತ್ತೆ ಕಂಪೈಲ್ ಮಾಡಬೇಕು ಎನ್ನುವುದು ಮೇಕ್‌ನ ಧರ್ಮ. ಇಲ್ಲಿ ತಾಯಿಯೇ ಇನ್ನೂ ಹುಟ್ಟಿಲ್ಲ, ಮಗು ಆಗಲೇ ತೊಟ್ಟಿಲಲ್ಲಿ. ಎಷ್ಟು ಸಲ ಓಡಿಸಿದರೂ ಬುಡದಿಂದ ಕಂಪೈಲ್.

ಟಚ್ ಎಂಬ ಕಮಾಂಡ್ ಕೊಟ್ಟಿದ್ದರೆ ಫೈಲು ತೆಪ್ಪಗೆ ವರ್ತಮಾನಕ್ಕೆ ಬಂದು ಕೂರುತ್ತಿತ್ತು. ಗೊತ್ತಿತ್ತು. ಆದರೆ ಇನ್ನೊಮ್ಮೆ ಓಡಿಸಿದಾಗ ಸಂಖ್ಯೆ 19102ಕ್ಕೆ ಇಳಿದಿತ್ತು. ಮತ್ತೊಮ್ಮೆ, 18655. ಭವಿಷ್ಯ ಕಣ್ಣೆದುರೇ ಕರಗುವುದನ್ನು ಎಷ್ಟು ಜನ ನೋಡಿದ್ದಾರೆ? ಚಪಲ ಹತ್ತಿಕೊಂಡಿತು. ಕಾಫಿ ಕುಡಿದು ಬಂದೆ, 16240. ತರಕಾರಿ ತಂದೆ, 12873. ಒಂಬತ್ತು ಸಾವಿರಕ್ಕೆ ಇಳಿದಾಗ ಒಬ್ಬನೇ ಚಪ್ಪಾಳೆ ಹೊಡೆದೆ.

"ರೀ, ಊಟಕ್ಕೆ ಬರಲ್ವಾ?"

"ಇನ್ನೂ ಟೈಮ್ ಆಗಿಲ್ಲ."

"ಯಾರದ್ದು?"

"ಫೈಲಿಂದು."

ಅಮ್ಮನಿಗೆ ಮಾತ್ರ ಪರಮಾನಂದ. "ಕೊನೆಗೂ ಗಳಿಗೆ ನೋಡ್ಕೊಂಡು ಕೆಲಸ ಮಾಡೋ ಬುದ್ಧಿ ಬಂತಲ್ಲಪ್ಪಾ."

ನಡುವೆ ಅಮೆರಿಕದವರ ಜೊತೆ ಕಾಲ್. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ನಮ್ಮ ಎಂಟೂವರೆಯ ಕಾಲ್ ಒಂಬತ್ತೂವರೆಗೆ ಜಾರುತ್ತದೆ. ನಿಮಗಾಗುತ್ತಾ ಅಂತ ಒಬ್ಬರೂ ಕೇಳಿದ್ದಿಲ್ಲ. ಅದು ಮಗಳಿಗೆ ಕತೆ ಹೇಳುವ ಹೊತ್ತು. ಈಗ ಅವಳು ಕತೆ ಕೇಳುವುದನ್ನೇ ಬಿಟ್ಟಿದ್ದಾಳೆ.

ಕಾಲ್ ಮುಗಿಸಿ ಓಡಿ ಬಂದೆ. 214. 131. ಮನೆಯವರನ್ನೆಲ್ಲ ಕರೆದೆ, ಬಂದದ್ದು ಅಮ್ಮ ಒಬ್ಬರೇ, ಕನ್ನಡಕ ಒರೆಸಿಕೊಳ್ಳುತ್ತಾ. ಅಷ್ಟರಲ್ಲಿ ಫೋನು ಗುಂಯ್ ಎಂದಿತು. ಸಹೋದ್ಯೋಗಿ: "ಸರ್, ಅದು ಬೇಡ, ಸಣ್ಣ ಬದಲಾವಣೆ ಇತ್ತು. ಈಗ ಸೇವ್ ಮಾಡಿ ಹೊಸ ಜಿಪ್ ಕಳಿಸಿದ್ದೀನಿ."

ಲೆಕ್ಕ ಹಾಕಿದೆ. ಇದು ಹುಟ್ಟಬೇಕಾದರೆ ಬೆಳಗಿನ ಜಾವ ಮೂರೂವರೆ ಆಗಬೇಕು.

"ಬ್ರಾಹ್ಮೀ ಮುಹೂರ್ತಕ್ಕೆ ಸ್ವಲ್ಪ ಮುಂಚೆ ಆಯ್ತು," ಎಂದರು ಅಮ್ಮ. "ಇನ್ನೊಂದು ಗಂಟೆ ಮುಂದಕ್ಕೆ ಹಾಕಕ್ಕೆ ಆಗಲ್ವೇನೋ?"