ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಕಡೆ ಯಾವ ಊರಿಗಾದರೂ ಹೋಗಿ, ಬಸ್ ಸ್ಟ್ಯಾಂಡಿನಿಂದ ಆಚೆ ಬಂದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಆ ಬೋರ್ಡು ಕಣ್ಣಿಗೆ ಬಿದ್ದೇ ಬೀಳುತ್ತದೆ. ಮೊದಲು ಮನೆದೇವರ ಹೆಸರು, ಅದರ ಬೆನ್ನಿಗೆ ‘ಫರ್ನಿಚರ್ಸ್’. ವೀರಭದ್ರೇಶ್ವರನೇ ಆಗಲಿ, ಚೌಡೇಶ್ವರಿಯೇ ಆಗಲಿ, ಕೊನೆಯ ‘ಎಸ್’ ಬಿಟ್ಟುಕೊಟ್ಟ ದೇವರನ್ನು ನಾನಂತೂ ಕಂಡಿಲ್ಲ. ಇಂಗ್ಲಿಷ್ ಮೇಷ್ಟ್ರುಗಳಿಗೆ ಮಾತ್ರ ಈ ‘ಎಸ್’ ಕಂಡರೆ ಅನ್ನದಲ್ಲಿ ಕಲ್ಲು ಕಡಿದ ಹಾಗಾಗುತ್ತದೆ.

ನಮ್ಮ ಬೀದಿಯಲ್ಲೇ ಅಂಥ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಮಗಳ ಮದುವೆಗೆ ಮಂಚ ನೋಡಲು ಹೋದವರು ಮಂಚ ಬಿಟ್ಟು ಬೋರ್ಡು ನೋಡುತ್ತಾ ನಿಂತರು. “ಏನಪ್ಪಾ, ಫರ್ನಿಚರ್ ಅನ್ನೋದು ಅನ್‌ಕೌಂಟಬಲ್ ನೌನು. ಎಸ್ ಹಾಕಬಾರದು. ಪೇಂಟರ್ ಕರೆಸಿ ಅಳಿಸ್ಬಿಡು” ಅಂದರು. ಅಂಗಡಿಯವನು ಟೇಪು ಸುತ್ತುತ್ತಲೇ, “ಅಳಿಸ್ಬೋದು ಸಾರ್. ಆದ್ರೆ ಒಳಗೆ ಒಂದೇ ಫರ್ನಿಚರ್ ಇದೆ ಅಂದ್ಕೊಂಡು ಗಿರಾಕಿ ಪಕ್ಕದಂಗಡಿಗೆ ಹೋದ್ರೆ?” ಅಂದ. ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನು ಅರೆದು ಕುಡಿದ ಮೇಷ್ಟ್ರಿಗೂ ಉತ್ತರ ಹೊಳೆಯಲಿಲ್ಲ. ಆ ಗಲಾಟೆಯಲ್ಲಿ ಮಂಚದ ಚೌಕಾಸಿಯೂ ಕೆಟ್ಟಿತು.

ಹಾಗಂತ ಮೇಷ್ಟ್ರದು ತಪ್ಪಲ್ಲ. ಕೆಲಸದ ಅರ್ಜಿಯಲ್ಲೋ ಪರೀಕ್ಷೆಯಲ್ಲೋ ಬರೆಯುವಾಗ ‘ದಿ ಫರ್ನಿಚರ್ ಈಸ್ ನ್ಯೂ’ ಅನ್ನಬೇಕು, ‘ಆರ್’ ಅನ್ನುವ ಹಾಗಿಲ್ಲ. ಕಾಲಿಡಲು ಜಾಗವಿಲ್ಲದಷ್ಟು ತುಂಬಿದ್ದರೂ ‘ಮೆನಿ’ ಕೂಡದು. ‘ಟೂ ಮಚ್ ಫರ್ನಿಚರ್’ ಅನ್ನಬೇಕು. ಒಂದೇ ಒಂದು ಇದ್ದರೂ ‘ಎ ಫರ್ನಿಚರ್’ ಸಲ್ಲದು. ತಮಾಷೆ ಏನೆಂದರೆ ಚೇರಿಗೆ ಎಸ್ ಹತ್ತುತ್ತದೆ, ಟೇಬಲ್ಲಿಗೆ ಹತ್ತುತ್ತದೆ, ಸೋಫಾಕ್ಕೂ ಹತ್ತುತ್ತದೆ. ಮೂರನ್ನೂ ಒಂದೇ ಟೆಂಪೋಗೆ ಹೇರಿ ‘ಫರ್ನಿಚರ್’ ಅಂದಿರೋ, ಎಸ್ ಟೆಂಪೋದಿಂದ ಇಳಿದುಬಿಡುತ್ತದೆ!

ಎಣಿಸಲೇಬೇಕೆಂದು ಹಟ ಹಿಡಿದರೆ ಇಂಗ್ಲಿಷಿನವರು ಒಂದು ದಾರಿ ಬಿಟ್ಟಿದ್ದಾರೆ: ‘ಎ ಪೀಸ್ ಆಫ್ ಫರ್ನಿಚರ್’, ‘ತ್ರೀ ಪೀಸಸ್ ಆಫ್ ಫರ್ನಿಚರ್’. ಇದನ್ನು ನಮ್ಮವರ ಬಾಯಲ್ಲಿ ಹೇಳಿಸಿ ನೋಡೋಣ. ನಮಗೆ ಪೀಸ್ ಅಂದರೆ ಬಿರಿಯಾನಿಯಲ್ಲಿ ಬರುವುದು, ಇಲ್ಲವೇ ಅರಿಶಿನ ಕುಂಕುಮದ ಜೊತೆ ಕೊಡುವ ಬ್ಲೌಸ್ ಪೀಸು. ಇವೆರಡೂ ಅಲ್ಲದಿದ್ದರೆ ಬಿದ್ದು ಪೀಸ್ ಪೀಸ್ ಆದದ್ದು. ‘ಮೂರು ಪೀಸ್ ಫರ್ನಿಚರ್ ಕಳಿಸಿದ್ದೀವಿ’ ಅಂತ ಬೀಗರಿಗೆ ಫೋನ್ ಮಾಡಿದರೆ, ದಾರಿಯಲ್ಲಿ ಟೆಂಪೋ ಪಲ್ಟಿಯಾಯಿತೇ ಎಂದು ಅವರು ಗಾಬರಿಯಾಗುವುದು ಸಹಜ.

ಕಣ್ಣೆದುರು ಕೂತಿರುವ ಕುರ್ಚಿಗೆ ಈ ಗತಿ ಬರಲು ಕಾರಣ ಅದರ ಹುಟ್ಟು. ಪದ ಬಂದದ್ದು ಫ್ರೆಂಚಿನ ‘ಫೂರ್ನಿತ್ಯೂರ್’ನಿಂದ. ಅದಕ್ಕೆ ಮೇಜು ಕುರ್ಚಿ ಎಂಬ ಅರ್ಥವೇ ಇಲ್ಲ. ಒದಗಿಸುವುದು, ಅಂದರೆ ನಮ್ಮ ಸರಬರಾಜು. ಸರಬರಾಜಿಗೆ ನಾವೂ ‘ಗಳು’ ಹಚ್ಚುವುದಿಲ್ಲವಲ್ಲ! (ಹಾಗೆ ನೋಡಿದರೆ, ಟೆಂಡರಿನಲ್ಲಿ ಬರುವ ‘ಪೀಠೋಪಕರಣಗಳ ಸರಬರಾಜು’ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ. ಬಿಲ್ಲೂ ಎರಡು ಸಲ ಆಗುತ್ತದೆಯೋ ಏನೋ, ನಮಗ್ಯಾಕೆ.) ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿ ಕುದುರೆಯ ಜೀನು, ಲಗಾಮು ಎಲ್ಲ ಸೇರಿದ ಸಜ್ಜೂ ಫರ್ನಿಚರ್ರೇ. ಬಾಗಿಲಿನ ಚಿಲಕ, ಹಿಡಿ, ಬೀಗಕ್ಕೆ ಇವತ್ತಿಗೂ ‘ಡೋರ್ ಫರ್ನಿಚರ್’ ಅನ್ನುತ್ತಾರೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಪ್ರೆಸ್ಸುಗಳಲ್ಲಿ ಪುಟದ ಸುತ್ತಣ ಖಾಲಿ ಜಾಗಕ್ಕೆ ತುರುಕುವ ಮರದ ತುಂಡಿಗೂ ಅದೇ ಹೆಸರು. ಅಲ್ಲಿ ಫರ್ನಿಚರ್ ಮೇಲೆ ಕೂರುತ್ತೇನೆಂದು ಯಾರೂ ಹೊರಡಬಾರದು.

ಇಷ್ಟೆಲ್ಲ ಕೊಟ್ಟ ಫ್ರೆಂಚರು ತಾವು ಮಾತ್ರ ಮೇಜು ಕುರ್ಚಿಗೆ ‘ಮ್ಯೋಬ್ಲ್’ ಅನ್ನುತ್ತಾರೆ, ಒಂದು ಎರಡು ಎಂದು ಧಾರಾಳವಾಗಿ ಎಣಿಸುತ್ತಾರೆ. ಸ್ವೀಡನ್ನಿನವರೂ ಅಷ್ಟೇ: ಒಂದಾದರೆ ‘ಮೊಬೆಲ್’, ಹಲವಾದರೆ ‘ಮೊಬ್ಲೆರ್’. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಅವರದೇ ಐಕಿಯಾ ಅಂಗಡಿ ತೆರೆದಾಗ ಕ್ಯೂ ನಿಂತ ಜನಕ್ಕೆ ಇದು ಗೊತ್ತಿದ್ದರೆ ಚೆನ್ನಿತ್ತು. ಆ ಅಂಗಡಿಯ ತವರುಭಾಷೆ ವ್ಯಾಕರಣದಲ್ಲಿ ನಮ್ಮ ವೀರಭದ್ರೇಶ್ವರನ ಪಕ್ಷ.

ಇಂಗ್ಲಿಷ್ ಮನೆಮಾತಾದವರಿಗೆ ಈ ನಿಯಮ ಯಾರೂ ಹೇಳಿಕೊಡಬೇಕಿಲ್ಲ. ಕಷ್ಟವೆಲ್ಲ ಹೊರಗಿನವರದು. ಜಪಾನಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಎ.ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು ಕಲಿಯುವವರ ಪಾಡು ನೋಡಿ, ಯಾವ ನಾಮಪದವನ್ನು ಎಣಿಸಬಹುದು, ಯಾವುದನ್ನು ಎಣಿಸಬಾರದು ಎಂದು ಗುರುತು ಹಾಕಿದ ನಿಘಂಟನ್ನೇ ಮಾಡಿದರು. 1942ರಲ್ಲಿ, ಯುದ್ಧದ ನಡುವೆ, ಅದು ಟೋಕಿಯೋದಲ್ಲಿ ಅಚ್ಚಾಯಿತು. ಮುಂದೆ 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ತಮ್ಮದಾಗಿ ಹೊರತಂದರು. ಇವತ್ತು ನಮ್ಮ ಹುಡುಗರು ಆಕ್ಸ್‌ಫರ್ಡ್ ನಿಘಂಟಿನಲ್ಲಿ ಕಾಣುವ ‘ಸಿ’, ‘ಯು’ ಗುರುತುಗಳ ಮೂಲ ಅಲ್ಲಿದೆ. ಲಗೇಜ್, ಅಡ್ವೈಸ್, ಇನ್ಫರ್ಮೇಶನ್, ಎಕ್ವಿಪ್‌ಮೆಂಟ್, ಎಲ್ಲ ‘ಯು’ ಪಂಗಡದ ಪ್ರಜೆಗಳು. ಅಡ್ವೈಸನ್ನು ಎಣಿಸಬಾರದು ಎಂಬುದಕ್ಕೆ ಮಾತ್ರ ನನ್ನ ತಕರಾರಿಲ್ಲ. ನಮ್ಮ ನೆಂಟರು ಕೊಡುವುದನ್ನು ಎಣಿಸಲು ಕೂತರೆ ಬೆಳಗಾಗುತ್ತದೆ.

ನನಗೆ ಬೆರಗು ಹುಟ್ಟಿಸುವುದು ಬೇರೆ. ಬಹುವಚನದ ವಿಷಯದಲ್ಲಿ ಕನ್ನಡಿಗನಷ್ಟು ಜಿಪುಣ ಇನ್ನೊಬ್ಬನಿಲ್ಲ. ನಾಲ್ಕು ಕುರ್ಚಿ ಹಾಕು, ಹತ್ತು ಚಾಪೆ ತಾ, ಎರಡು ಮಂಚ ಸಾಕು, ಎಲ್ಲೂ ‘ಗಳು’ ಇಲ್ಲ. ನಾಲ್ಕು ಅಂದಮೇಲೆ ಮುಗಿಯಿತಲ್ಲ, ಇನ್ನು ‘ಗಳು’ ಯಾಕೆ ದಂಡ? ಅದನ್ನು ಭಾಷಣಕ್ಕೆ, ಕರಪತ್ರಕ್ಕೆ ಎಂದು ಎತ್ತಿಟ್ಟಿರುತ್ತಾನೆ. ಅದೇ ಮನುಷ್ಯ ಇಂಗ್ಲಿಷ್ ಪದ ಸಿಕ್ಕರೆ ಕರ್ಣನಾಗಿಬಿಡುತ್ತಾನೆ. ಒಂದು ಎಸ್ ಸಾಲದೆ ಅದರ ಮೇಲೊಂದು ‘ಗಳು’: ಫೋಟೋಸ್‌ಗಳು, ಟೀಚರ್ಸ್‌ಗಳು, ಸ್ಟೂಡೆಂಟ್ಸ್‌ಗಳು, ಮೆಂಬರ್ಸ್‌ಗಳು. ಮನೆಯಲ್ಲಿ ಉಳಿಸಿದ್ದನ್ನೆಲ್ಲ ಪರರ ಊರಿನ ಜಾತ್ರೆಯಲ್ಲಿ ಖರ್ಚು ಮಾಡುವುದು ಅಂದರೆ ಇದೇ ಇರಬೇಕು. ಹೀಗಿರುವಾಗ ಫರ್ನಿಚರ್ಸ್ ಅಂದು ಸುಮ್ಮನಾದ ಅಂಗಡಿಯವನು ಮಿತವ್ಯಯಿ. ಫರ್ನಿಚರ್ಸ್‌ಗಳು ಅಂದಿಲ್ಲವಲ್ಲ, ಮೇಷ್ಟ್ರು ಅಷ್ಟಕ್ಕಾದರೂ ಕೈಮುಗಿಯಬೇಕಿತ್ತು.

ಇನ್ನು ಎಣಿಸಲಾಗದ ಈ ವಸ್ತುವನ್ನು ನಮ್ಮ ಸರ್ಕಾರಿ ಶಾಲೆಗಳಲ್ಲಿ ಹೇಗೆ ಇಟ್ಟಿರುತ್ತಾರೆ ನೋಡಿ. ಬೆಂಚು ಬೋರಲು ಹಾಕಿದರೆ ಅಡಿಯಲ್ಲಿ ಬಿಳಿ ಪೇಂಟಿನಲ್ಲಿ ಶಾಲೆಯ ಹೆಸರಿನ ಮೊದಲಕ್ಷರಗಳು, ಒಂದು ಅಡ್ಡಗೆರೆ, ನಂಬರು, ಇನ್ನೊಂದು ಅಡ್ಡಗೆರೆ, ಕೊಂಡ ಇಸವಿ. ಪೇಂಟು ಒಣಗುವ ಮೊದಲೇ ಯಾರೋ ಹುಡುಗ ಬೆರಳಾಡಿಸಿ ಮೂರನ್ನು ಎಂಟು ಮಾಡಿರುತ್ತಾನೆ. ಕಾಲು ಮುರಿದು ಮೂಲೆ ಸೇರಿದ ಸ್ಟೂಲಿಗೂ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಸಾಲು ಮೀಸಲು. ಮೇಲಿನವರು ಸಹಿ ಹಾಕಿ ವಜಾ ಮಾಡುವ ತನಕ ಅದು ಸಾಯುವಂತಿಲ್ಲ. ತಪಾಸಣೆಯ ದಿನ ಒಂದು ಕುರ್ಚಿ ಕಡಿಮೆ ಬಂದಾಗ, “ಕ್ಷಮಿಸಿ ಸಾರ್, ಇದು ಅನ್‌ಕೌಂಟಬಲ್ ನೌನು” ಎಂದು ಹೇಳಿ ಪಾರಾದ ಹೆಡ್‌ಮಾಸ್ತರರು ಇನ್ನೂ ಹುಟ್ಟಿಲ್ಲ.