ಬಾಗಿಲು ತೆಗಿ, ಕರ್ಬರೋಸ್

ನಾನು ಮುಳಬಾಗಿಲಿನವನು, ಮಾಲೂರಿನಲ್ಲಿ ಹೆಂಚಿನ ವ್ಯಾಪಾರದ ಲೆಕ್ಕ ಬರೆಯುತ್ತೇನೆ. ಡೆಸ್ಕ್‌ಟಾಪಿಗೊಂದು ಪಾಸ್‌ವರ್ಡ್, ಸರ್ವರಿಗೊಂದು. ತಿಂಗಳಿಗೊಮ್ಮೆ ಬದಲಾವಣೆ ಬೇರೆ. ‘ಮುಳಬಾಗಿಲುದೋಸೆ’ ಹೋಗಿ ‘ಶ್ರೀನಿವಾಸಪುರಮಾವು’ ಬಂದರೂ ಬೆರಳು ದೋಸೆಯನ್ನೇ ಹುಯ್ಯುತ್ತಿತ್ತು. ಮೂರು ಸಲ ತಪ್ಪಿದರೆ ಬಂದ್. ಮೂಡಲ ಬಾಗಿಲಿನ ಊರಿನವನಿಗೇ ಬಾಗಿಲಿಲ್ಲ!

ಕೊನೆಗೆ ಕೋಲಾರದಿಂದ ಬಂದ ಕಂಪ್ಯೂಟರ್ ಹುಡುಗ ಏನೋ ಕುಟ್ಟಿ, “ಇನ್ನು ಡೆಸ್ಕ್‌ಟಾಪಿಗೆ ಪಾಸ್‌ವರ್ಡ್ ಹಾಕಿದ್ರೆ ಸಾಕು ಸಾರ್. ಕರ್ಬರೋಸ್ ಅನ್ನೋ ವ್ಯವಸ್ಥೆ 10 ಗಂಟೆ ಕಾಲ ನಡೆಯೋ ಒಂದು ಟಿಕೆಟ್ ಕೊಡುತ್ತೆ, ಅದನ್ನ ನೋಡಿ ಸರ್ವರ್ ತಾನೇ ಒಳಗೆ ಬಿಡುತ್ತೆ” ಎಂದ. ಬಸ್ ಪಾಸಿನಂತೆ! ಕರ್ಬರೋಸ್ ಎಂದರೆ ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯಂತೆ. ನಮ್ಮ ಬೀದಿಯ ಒಂದು ತಲೆಯದ್ದೇ ಇಪ್ಪತ್ತು ವರ್ಷದಿಂದ ನನ್ನ ಗುರುತು ಹಿಡಿದಿಲ್ಲ.

ಈ ಕರ್ಬರೋಸ್ ಮಾತ್ರ ಬಾಲ ಅಲ್ಲಾಡಿಸಿ ಒಳಗೆ ಬಿಟ್ಟಿತು. ಈಗ ನೆನಪಿಡಬೇಕಾದದ್ದು ಒಂದೇ. ಸೋಮವಾರ ಅದನ್ನೂ ಮರೆತೆ.